ಮೂಸಾನ ಕೂದಲಿನ ಹುಳು

ಆ ಶುಕ್ರವಾರದ ರಾದ್ಧಾಂತಕ್ಕೆಲ್ಲ ಕಾರಣ ಮೂಸಾನ ತಲೆಗೂದಲು.

ಸೌದಿಯ ಅಬ್ಕೈಕಿನ ಬ್ಯಾಚುಲರ್ ಕ್ಯಾಂಪಿನ ಆ ಕೋಣೆಯಲ್ಲಿ ಮೂವರಿದ್ದರು: ನಕ್ಷೆ ಬರೆಯುವ ನೊರ್ಬರ್ಟ್, ಸ್ಟೋರ್ ನೋಡಿಕೊಳ್ಳುವ ಮೂಸಾ, ಎಲೆಕ್ಟ್ರಿಷಿಯನ್ ಅಬ್ದುಲ್ ಹಕೀಂ. ರಜೆಯ ದಿನ ಬೆಳಿಗ್ಗೆ ಹಕೀಂ ಗೆಳೆಯರಿಗೆ ಪುಕ್ಕಟೆ ಕ್ಷೌರ ಮಾಡುತ್ತಿದ್ದ. ಅಂದು ಮೂಸಾನ ಸರದಿ. ಕ್ಷೌರ ಮುಗಿದದ್ದೇ ತಡ, ಬಂದಂದಿನಿಂದ ಪೊರಕೆಯ ಮುಖ ನೋಡದ ನೊರ್ಬರ್ಟ್ ಓಡಿ ಬಂದು ನೆಲ ಗುಡಿಸಿದ. ಗುಡಿಸಿದ ಕೂದಲನ್ನು ಕಸದ ಬುಟ್ಟಿಗೆ ಹಾಕುವ ಬದಲು ಮೆಲ್ಲಗೆ ಜೇಬಿಗಿಳಿಸಿದ.

ಹಕೀಂ ಅದನ್ನು ಕನ್ನಡಿಯಲ್ಲಿ ನೋಡಿಬಿಟ್ಟ.

ನೊರ್ಬರ್ಟನ ಕಷ್ಟ ನೊರ್ಬರ್ಟನಿಗೆ. ಅವನ ಬಾಸ್ ವಾಲೇಸ್ ಅಮೆರಿಕದವನು, ಮೀನಿನ ಹುಚ್ಚಿನವನು. ಅವನೂರಿನಲ್ಲಿ ಬುಗ್ಗೆಯ ನೀರಿನಿಂದ ಹುಟ್ಟಿದ ತಣ್ಣನೆಯ ನದಿಯೊಂದಿದೆಯಂತೆ, ಅದರ ತುಂಬ ಟ್ರೌಟ್ ಮೀನುಗಳಂತೆ. ಗರಿ, ಕೂದಲು, ದಾರಗಳನ್ನು ಗಾಳಕ್ಕೆ ಸುತ್ತಿ ಹುಳುವಿನಂತೆ ಮಾಡಿ ನೀರಿನ ಮೇಲೆ ಕುಣಿಸಿದರೆ ಅವು ಬಂದು ಕಚ್ಚುತ್ತವಂತೆ. ಹತ್ತಿರದ ಅಲ್ ಅಹ್ಸಾದ ತೋಟಗಳಲ್ಲೂ ಬುಗ್ಗೆಗಳಿವೆ, ಕಾಲುವೆಯಲ್ಲಿ ಮೀನೂ ಇದೆ ಎಂದು ಕೇಳಿದ ಮೇಲೆ ವಾಲೇಸನಿಗೆ ನಿದ್ದೆ ಇಲ್ಲ. ಆದರೆ ಅಂಥ ಹುಳುಗಳ ಡಬ್ಬಿ ಅಮೆರಿಕದಲ್ಲೇ ಉಳಿದಿತ್ತು. ಕೈಯಲ್ಲಿದ್ದ ಒಂದೇ ಒಂದು ಹಳೆಯ ಹುಳುವನ್ನು ತೋರಿಸಿ, "ನೀನು ಕರಾವಳಿಯವನಲ್ಲವೇ? ಇಂಥದ್ದು ಕಟ್ಟಲು ಗೊತ್ತಿರಬೇಕು" ಎಂದ.

ನೊರ್ಬರ್ಟನಿಗೆ ಗೊತ್ತಿದ್ದದ್ದು ತಟ್ಟೆಗೆ ಬೀಳುವ ಮೀನು ಮಾತ್ರ. ಆದರೆ ಕಂಪನಿಯ ಫ್ಯಾಮಿಲಿ ಕ್ಯಾಂಪಿನಲ್ಲಿ ಆಗಷ್ಟೇ ಒಂದು ಮನೆ ಖಾಲಿಯಾಗಿತ್ತು. ಅದು ಸಿಕ್ಕರೆ ಮಂಗಳೂರಿನಿಂದ ಹೆಂಡತಿಯನ್ನು ಕರೆಸಬಹುದು. ಮಾಗ್ದಲಿನಳನ್ನು ಮದುವೆಯಾಗಿ ಒಂದು ತಿಂಗಳು ಕಳೆಯುವ ಮೊದಲೇ ವಿಮಾನ ಹತ್ತಿದವನು ಅವನು. ಅವಳಿಲ್ಲದೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಮನೆ ಯಾರಿಗೆಂದು ಹೇಳಬೇಕಾದವನು ಇದೇ ವಾಲೇಸ್. "ಗೊತ್ತು ಸಾರ್" ಎಂದುಬಿಟ್ಟ.

ಅದೇ ಮನೆಯ ಮೇಲೆ ಮೂಸಾನಿಗೂ ಕಣ್ಣು. ವಿಷಯ ತಿಳಿದರೆ ಇವನು ಸೌದಿಯ ಹುಂಜಗಳನ್ನೆಲ್ಲ ಬೋಳಿಸಿ ವಾಲೇಸ್ ದೊರೆಯ ಮುಂದೆ ನಿಲ್ಲುತ್ತಾನೆ ಎಂಬ ಅನುಮಾನದಿಂದ ನೊರ್ಬರ್ಟ್ ಬಾಯಿ ಬಿಡಲಿಲ್ಲ. ಕೋಳಿ ಅಂಗಡಿಯಿಂದ ಗರಿ ತಂದು ದಿಂಬಿನಡಿ ಬಚ್ಚಿಟ್ಟ. ಕೆಂಪು ನೂಲು ತಂದ. ಗಂಟು ಬಿಚ್ಚದಿರಲೆಂದು ಹೆಂಗಸರು ಉಗುರಿಗೆ ಹಚ್ಚುವ ಬಣ್ಣವನ್ನೂ ತಂದ. ಮಾದರಿ ಹುಳುವಿನ ಹೊಟ್ಟೆಗಿದ್ದ ಕಪ್ಪು ತುಪ್ಪಳ ಮಾತ್ರ ಎಲ್ಲೂ ಸಿಕ್ಕಿರಲಿಲ್ಲ. ಈಗ ಮೂಸಾನ ದಯೆಯಿಂದ ಅದೂ ಸಿಕ್ಕಿತು.

ಇಬ್ಬರೂ ಹೊರಗೆ ಹೋದದ್ದೇ ಬಾಗಿಲು ಹಾಕಿಕೊಂಡು ಹುಳು ಕಟ್ಟಲು ಕುಳಿತ. ಕಿಟಕಿಯ ಪರದೆಯ ಸಂದಿನಲ್ಲಿ ಎರಡು ಜೊತೆ ಕಣ್ಣುಗಳು ಅಂಟಿಕೊಂಡದ್ದು ಅವನಿಗೆ ತಿಳಿಯಲಿಲ್ಲ.

"ನಾನು ಹೇಳಿದ್ದು ಸುಳ್ಳಾ? ಕೆಂಪು ನೂಲಲ್ಲಿ ನಿನ್ನ ಕೂದಲು ಕಟ್ತಾ ಇದ್ದಾನೆ ನೋಡು" ಎಂದು ಹಕೀಂ ಪಿಸುಗುಟ್ಟಿದ.

"ಯಾ ಅಲ್ಲಾಹ್! ಗಂಟಿಗೆ ಊದ್ತಾ ಇದ್ದಾನಲ್ಲ ಮಾರಾಯ!"

ಬಣ್ಣ ಒಣಗಲೆಂದು ನೊರ್ಬರ್ಟ್ ಊದುತ್ತಿದ್ದದ್ದು ನಿಜ. ಆದರೆ ಗಂಟು ಕಟ್ಟಿ ಊದುವುದು ಎಂಥವರ ಕೆಲಸವೆಂದು ಮೂಸಾ ಮದರಸದಲ್ಲೇ ಕಲಿತಿದ್ದ. ಮಾಟ! ಕೂಡಲೇ ಅವನಿಗೆ ಕುತ್ತಿಗೆ ಹಿಡಿದುಕೊಂಡಿತು.

ಜುಮಾ ನಮಾಜು ಮುಗಿಸಿ ಬಂದ ಇಬ್ಬರೂ ಬಾಗಿಲಿಗೆ ಅಡ್ಡ ನಿಂತರು.

"ಮನೆ ನಂಗೆ ಸಿಗಬಾರ್ದು ಅಂತ ನನ್ನನ್ನೇ ಕಟ್ಟಿ ಹಾಕ್ತೀಯಾ? ಒಂದೇ ಪಾತ್ರೆಯಲ್ಲಿ ಉಂಡದ್ದಲ್ವಾ ನಾವು?" ಎಂದು ಮೂಸಾ ಕುತ್ತಿಗೆ ನೀವಿಕೊಳ್ಳುತ್ತ ಕೇಳಿದ.

"ಪೊಲೀಸಿಗೆ ಹೇಳ್ಬೇಕಾ, ನೀನೇ ಬಾಯಿ ಬಿಡ್ತೀಯಾ?" ಎಂದು ಹಕೀಂ ಗದರಿಸಿದ.

ಈ ದೇಶದಲ್ಲಿ ಮಾಟದ ಆರೋಪ ಬಂದರೆ ಮನೆಯಲ್ಲ, ತಲೆ ಉಳಿದರೆ ಪುಣ್ಯ. ನೊರ್ಬರ್ಟ್ ಬೆವರಿದ. "ಮೀನಿಗೆ ಮಾರಾಯ್ರೆ, ಯೇಸು ಸಾಕ್ಷಿ, ಮೀನಿಗೆ!"

"ಮೀನು ಸಿಗಡಿ ತಿಂತದೆ, ಎರೆಹುಳ ತಿಂತದೆ. ನನ್ನ ತಲೆಗೂದಲು ತಿನ್ನುವ ಮೀನು ಯಾವುದು? ತೋರಿಸು, ಯಲ್ಲಾ, ನಡೆ!"

ಹಾಗಾಗಿ ಮಧ್ಯಾಹ್ನ ವಾಲೇಸನ ಜೀಪಿನಲ್ಲಿ ನೊರ್ಬರ್ಟನ ಎಡಕ್ಕೊಬ್ಬ ಬಲಕ್ಕೊಬ್ಬ ಕುಳಿತರು. ಮೀನು ನೋಡಲು ಇಷ್ಟು ಉತ್ಸಾಹವೇ ಎಂದು ವಾಲೇಸನಿಗೆ ಖುಷಿಯೋ ಖುಷಿ.

ಖರ್ಜೂರದ ತೋಟದ ನಡುವೆ ಬುಗ್ಗೆಯ ನೀರು ತಿಳಿಯಾಗಿ ಹರಿಯುತ್ತಿತ್ತು. ವಾಲೇಸ್ ಉದ್ದನೆಯ ದಾರವನ್ನು ಗಾಳಿಯಲ್ಲಿ ಬೀಸಿ ಹುಳುವನ್ನು ನೀರಿಗಿಳಿಸಿದ. ಮೀನು ಬರಲಿಲ್ಲ. ಮತ್ತೆ ಬೀಸಿದ. ಆಗಲೂ ಇಲ್ಲ. ಹಕೀಂ ನೊರ್ಬರ್ಟನ ತೋಳು ಹಿಡಿದುಕೊಂಡ. ನೊರ್ಬರ್ಟ್ ಗೊತ್ತಿದ್ದ ಸಂತರನ್ನೆಲ್ಲ ಕರೆದ.

ಫಳಕ್ಕನೆ ನೀರು ಸಿಡಿಯಿತು. ಅಂಗೈಯಗಲದ ಮೀನೊಂದು ಮೂಸಾನ ಕೂದಲನ್ನು ಕಚ್ಚಿಕೊಂಡು ಒದ್ದಾಡುತ್ತ ಮೇಲೆ ಬಂತು. ಹಿಂದೆಯೇ ಇನ್ನೊಂದು, ಮತ್ತೊಂದು.

"ಈಗ ನಂಬಿಕೆ ಬಂತಾ?" ಎಂದು ನೊರ್ಬರ್ಟ್ ಎದೆಯುಬ್ಬಿಸಿ ಕೇಳಿದ.

ಮೂಸಾ ಎರಡು ಹೆಜ್ಜೆ ಹಿಂದೆ ಸರಿದ. "ತಿನ್ಲಿಕ್ಕೆ ಎಂತದೂ ಇಲ್ಲದ ಗಾಳಕ್ಕೆ ಮೀನು ಬಾಯಿ ಹಾಕ್ತದೆ ಅಂದ್ರೆ ಇದು ಮಾಟವೇ! ಇನ್ನೆಂತ ಸಾಕ್ಷಿ ಬೇಕು?"

ಅಷ್ಟರಲ್ಲಿ ವಾಲೇಸ್ ಬಂದು ನೊರ್ಬರ್ಟನನ್ನು ತಬ್ಬಿಕೊಂಡ. ನಮ್ಮ ನದಿಯ ದಂಡೆಯಲ್ಲೂ ಇಂಥ ಕೈ ಕಂಡಿಲ್ಲ ಎಂದ. ಇದೇ ಸಮಯವೆಂದು ನೊರ್ಬರ್ಟ್ ಮೆಲ್ಲಗೆ ಮನೆಯ ಮಾತೆತ್ತಿದ.

"ಅದನ್ನೇ ಯೋಚಿಸಿದೆ" ಎಂದ ವಾಲೇಸ್. "ಹೆಂಡತಿ ಬಂದರೆ ಶುಕ್ರವಾರವೆಲ್ಲ ಅವಳ ಹಿಂದೆ ಖೋಬರ್ ಪೇಟೆಯ ಅಂಗಡಿ ಸುತ್ತುತ್ತೀಯ. ನನ್ನ ಹುಳು ಯಾರು ಕಟ್ಟುತ್ತಾರೆ? ನೀನು ಬ್ಯಾಚುಲರ್ ಕ್ಯಾಂಪಿನಲ್ಲೇ ಇರಬೇಕು ಗೆಳೆಯ. ಮನೆ ಮೂಸಾನಿಗೆ ಕೊಡುತ್ತೇನೆ."

ನೊರ್ಬರ್ಟನಿಗೆ ಖರ್ಜೂರದ ಮರಗಳೆಲ್ಲ ತಿರುಗಿದಂತಾಯಿತು.

ಮರಳುವಾಗ ಜೀಪಿನಲ್ಲಿ ಮೂಸಾನ ಕುತ್ತಿಗೆ ನೋವು ಮಾಯವಾಗಿತ್ತು. ಹೆಂಡತಿ ನಫೀಸತ್ ಬಂದು ಮಾಡಲಿರುವ ಅಕ್ಕಿ ಪತ್ತಿರಿಯ ರುಚಿ ಆಗಲೇ ಬಾಯಿಗೆ ಬಂದಿತ್ತು. ಅವನು ನೊರ್ಬರ್ಟನ ಹೆಗಲ ಮೇಲೆ ಕೈ ಹಾಕಿದ. ಕಣ್ಣಲ್ಲಿ ನೀರಿತ್ತು.

"ನಾನು ತಪ್ಪು ತಿಳ್ಕೊಂಡೆ ಮಾರಾಯ. ನೀನು ಊದಿದ್ದು ನನ್ನ ಒಳ್ಳೇದಕ್ಕೇ. ಆದ್ರೆ ನೀನೆಂತ ಪೆದ್ದ? ಮೊದಲು ನಿನಗೇ ಒಂದು ಕಟ್ಟಿಕೊಳ್ಳುದಲ್ವಾ?"