ಮಿಲಿಟರಿಗೆ ಬುದ್ಧಿ ಹೇಳಿದ ದೊಡ್ಡಮ್ಮ

ಭಾರತದ ಸೈನ್ಯಕ್ಕೇ ಬುದ್ಧಿ ಹೇಳಿದ ಹೆಂಗಸೊಬ್ಬಳು ಬಸ್ರೂರಿನ ನಮ್ಮ ಮನೆಯಲ್ಲಿದ್ದಳು ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ! ಆಕೆ ನನ್ನ ದೊಡ್ಡಮ್ಮ, ಅಮ್ಮನ ಅಕ್ಕ. ಓದು ಬರಹ ಬಾರದು. ಆದರೆ ವಾದಕ್ಕೆ ನಿಂತರೆ ಊರಿನ ವಕೀಲರೂ ದಾರಿ ಬದಲಿಸುತ್ತಿದ್ದರು. ಅಕಾಲದಲ್ಲಿ ಬಂದ ಮಳೆಗೂ ಅಂಗಳದಲ್ಲಿ ನಿಂತು ಬೈಯುವವಳು. ಅಷ್ಟರಲ್ಲಿ ಮಳೆ ನಿಂತರೆ ಕೇಳುವುದೇ ಬೇಡ, ತಾನೇ ನಿಲ್ಲಿಸಿದವಳ ಹಾಗೆ ನಮ್ಮತ್ತ ನೋಡುತ್ತಿದ್ದಳು!

ಅರವತ್ತೈದರ ಯುದ್ಧದಲ್ಲಿ ನನ್ನ ಮಾವ ತೀರಿಕೊಂಡನೆಂದು ಸೈನ್ಯದಿಂದ ಕಾಗದ ಬಂತು. ಮಾವನೆಂದರೆ ಈ ದೊಡ್ಡಮ್ಮ ಎತ್ತಿ ಆಡಿಸಿ ಬೆಳೆಸಿದ ಕಿರಿಯ ತಮ್ಮ. ದೇಹ ಊರಿಗೆ ಬರಲಿಲ್ಲ. ಮನೆಯವರೆಲ್ಲ ಅತ್ತರು. ದೊಡ್ಡಮ್ಮ ಅಳಲಿಲ್ಲ, ಕಾಗದ ಓದಿ ಹೇಳಿದ ನನ್ನನ್ನೇ ಗದರಿಸಿದಳು.

"ಕಾಗ್ದ ಬಂದದ್ದ್ ಹೌದ್. ಅಂವ ಸತ್ತದ್ದ್ ಕಂಡವ್ರ್ ಯಾರ್? ಬರಿ ಹೆಣ್ಣೇ, ಮಿಲಿಟ್ರಿಗೆ ಒಂದ್ ಕಾಗ್ದ ಬರಿ!"

ನಾನಾಗ ಹೈಸ್ಕೂಲು. ಅವಳ ಮಾತನ್ನು ಇಂಗ್ಲಿಷಿಗೆ ತರುವಷ್ಟರಲ್ಲಿ ಬೆವರಿಳಿಯಿತು. "ಅಂವ ಸಣ್ಣವ್ನಿಪ್ಪತಿಗೇ ಅಡಗಿ ಕೂಕಂಬುದ್ರಾಗೆ ಭಾರೀ ಹುಶಾರ್. ಕರದ್ರೆ ಓ ಅಂತಿಲ್ಲೆ. ಹುಲ್ ಕುತ್ರಿ ಹಿಂದೆ ಸಮಾ ಹುಡ್ಕಿ." ಹುಲ್ಲಿನ ಕುತ್ರಿಗೆ, ಎಂದರೆ ಬಣವೆಗೆ, ಇಂಗ್ಲಿಷಿನಲ್ಲಿ ಏನನ್ನುತ್ತಾರೆ? ಮೇಷ್ಟ್ರನ್ನು ಕೇಳಿಕೊಂಡು ಬಂದು ಬರೆದೆ! ವಿಷಾದವಿದೆ ಎಂದು ಉತ್ತರವೂ ಬಂತು.

"ವಿಷಾದ ಯಾರಿಗ್ ಬೇಕ್? ಹುಡ್ಕಿದ್ರಾ ಇಲ್ಯಾ, ಅದ್ ಹೇಳೂಕ್ ಹೇಳ್!"

ಹೀಗೆ ನಾಲ್ಕು ಕಾಗದ ಹೋದವು.

ನಮ್ಮಲ್ಲಿ ವರ್ಷಕ್ಕೊಮ್ಮೆ, ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಯೆಲೆಯಲ್ಲಿ ಬಡಿಸಿ ಎಡೆ ಇಡುತ್ತೇವೆ. ಮಾವನಿಗೂ ಒಂದೆಲೆ ಹಾಕಲು ಹೋದ ಅಮ್ಮನ ಕೈಯಿಂದ ದೊಡ್ಡಮ್ಮ ಅದನ್ನು ಕಿತ್ತುಕೊಂಡಳು. "ಬದ್ಕಿಪ್ಪವ್ನಿಗೆ ಎಡೆ ಇಡ್ತ್ರಾ?" ಅಮ್ಮ ಹಿತ್ತಲಿಗೆ ಹೋಗಿ ಅತ್ತಳು. ಸತ್ತ ತಮ್ಮ ಎಲ್ಲೋ ಹಸಿದುಕೊಂಡಿದ್ದಾನೆ ಎಂಬ ಸಂಕಟ ಅಮ್ಮನಿಗೆ.

ಮತ್ತೆರಡು ವರ್ಷಕ್ಕೆ ಕುಂದಾಪುರದಲ್ಲಿ ಯೋಧರ ಸ್ಮಾರಕವೆಂದು ಒಂದು ಕಲ್ಲು ನಿಲ್ಲಿಸಿದರು. ಅದರಲ್ಲಿ ಮಾವನ ಹೆಸರೂ ಇದೆಯಂತೆ. ಅದನ್ನು ಕಂಡಾದರೂ ಅಕ್ಕ ಒಪ್ಪಿಯಾಳು, ಎಲೆ ಹಾಕಲು ಬಿಟ್ಟಾಳು ಎಂದು ಅಮ್ಮನ ಆಸೆ. ಓದಿ ಹೇಳಲು ನನ್ನನ್ನೂ ಕರೆದುಕೊಂಡು ದೊಡ್ಡಮ್ಮ ಹೊರಟದ್ದೇನೋ ಹೌದು, ಆದರೆ "ಹೆಸ್ರ್ ಅಳ್ಸೂಕ್ ಹೇಳಿ ಬತ್ತೆ" ಎಂದು! ಬೆಳಿಗ್ಗೆಯೇ ಎದ್ದು ಬಂಗುಡೆ ಮೀನಿನ ಸಾರು, ಕುಚ್ಚಲಕ್ಕಿ ಅನ್ನ ಮಾಡಿ ಕ್ಯಾರಿಯರಿಗೆ ತುಂಬಿದಳು. ನಮ್ಮಿಬ್ಬರ ಮಧ್ಯಾಹ್ನದ ಊಟವೆಂದು ನಾನು ಬಾಯಲ್ಲಿ ನೀರೂರಿಸಿಕೊಂಡೆ.

ಬಸ್ಸಿನಲ್ಲಿ ಕಂಡಕ್ಟರು ಕ್ಯಾರಿಯರ್ ಎಡವಿದ. "ಹ್ವಾಯ್, ಇದನ್ ಟಾಪಿನ್ ಮೇಲ್ ಹಾಕಿ!"

"ನೀನೇ ಟಾಪಿನ್ ಮೇಲ್ ಕೂಕೋ. ಸಾರಿಗೆ ಗಾಳಿ ಆತಿಲ್ಲೆ!"

ಬಸ್ಸಿಗೆ ಬಸ್ಸೇ ನಕ್ಕಿತು. ಪಾಪ, ಕುಂದಾಪುರ ಬರುವವರೆಗೂ ಆತ ನಮ್ಮ ಸೀಟಿನ ಕಡೆ ಸುಳಿಯಲಿಲ್ಲ.

ಕಲ್ಲಿನ ಮುಂದೆ ನಿಂತು ನಾನು ಹೆಸರು ಓದಿದೆ. "ಎಲ್ಲಿತ್ತ್? ತೋರ್ಸ್" ಎಂದಳು. ಅವಳ ಬೆರಳು ಹಿಡಿದು ಒಂದೊಂದೇ ಅಕ್ಷರದ ಮೇಲೆ ಎಳೆದೆ. ಕೊನೆಯ ಅಕ್ಷರದಲ್ಲಿ ಬೆರಳು ನಿಂತಿತು. ಈಗ ಶುರುವಾಗುತ್ತದೆ ಜಗಳ ಎಂದು ನಾನು ಕಾದೆ. ಇಲ್ಲ! ನನಗೆ ಹೆದರಿಕೆಯೇ ಆಯಿತು. ದೊಡ್ಡಮ್ಮ ಮೆಲ್ಲಗೆ ನೆಲಕ್ಕೆ ಕೂತು, ಚೀಲದಿಂದ ಮಡಿಸಿದ ಬಾಳೆಯೆಲೆ ತೆಗೆದು ಹಾಸಿ, ಅನ್ನ ಬಡಿಸತೊಡಗಿದಳು. ಎಲೆಯನ್ನು ಮನೆಯಿಂದಲೇ ತಂದಿದ್ದಳು!

ಕಾವಲುಗಾರ ಓಡಿ ಬಂದ. "ಅಕ್ಕಾ, ಇಲ್ಲ್ ಕೂಕಂಡ್ ಉಂಬುಕಾಗ!"

"ಉಂಬುದ್ ನಾನಲ್ಲ ಮಾರಾಯ, ನನ್ ತಮ್ಮ. ರಜಿ ಮುಗ್ಸಿ ಹೊರ್ಡುವತಿಗೆ ನಾನೇ ಜಗ್ಳ ಮಾಡ್ದೆ. ಬಡ್ಸಿದ್ದ್ ಬಿಟ್ಟ್, ಉಣ್ದೇ ಹೋದ. ಬರ್ಲಿ, ಹೊಟ್ಟಿ ತುಂಬ ಉಣ್ಸಿ ಕಳ್ಸುವ ಅಂದ್ಕಂಡ್ ಇಷ್ಟ್ ವರ್ಷ ಕಾದೆ. ಇನ್ ಎಲ್ಲ್ ಬತ್ತ ಅಂವ?"

ಒಳಗೊಳಗೇ ನಗುತ್ತ ಬರೆದ ಒಂದೊಂದು ಕಾಗದಕ್ಕೂ ನನಗೆ ನಾಚಿಕೆಯಾಯಿತು.

ಕಾವಲುಗಾರ ಬೈಂದೂರು ಕಡೆಯವನು, ಅವನೂ ಮಿಲಿಟರಿಯಲ್ಲಿದ್ದು ನಿವೃತ್ತನಾಗಿ ಬಂದವನೇ. ಟೊಪ್ಪಿ ತೆಗೆದು ನಿಂತ. ದೊಡ್ಡಮ್ಮ ಕೈಮುಗಿದು ಕಣ್ಣು ಮುಚ್ಚಿದಳು. ಎಡೆ ಇಟ್ಟದ್ದನ್ನು ಆಮೇಲೆ ಮನೆಯವರೇ ಉಣ್ಣುವುದು ನಮ್ಮ ಪದ್ಧತಿ. ಆದರೆ ಅವಳ ಕೈ ಎಲೆಗೆ ಹೋಗಲಿಲ್ಲ. ನನ್ನದೂ ಹೋಗಲಿಲ್ಲ.

"ಎಡೆ ಇಟ್ಟದ್ದ್ ಹಾಂಗೇ ಬಿಡೂಕಾಗ ಅಕ್ಕಾ," ಎಂದ ಆತ. "ನಾನ್ ಉಣ್ಲಾ?"

ದೊಡ್ಡಮ್ಮ ಆಗಲೆಂದು ತಲೆಯಾಡಿಸಿದಳು. ಆತ ಕೈ ತೊಳೆದು ಬಂದು, ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ದೊಡ್ಡ ದೊಡ್ಡ ತುತ್ತು ಕಲಸಿ ಉಣ್ಣತೊಡಗಿದ. ಆಗ ಅತ್ತಳು ನೋಡಿ ನಮ್ಮ ದೊಡ್ಡಮ್ಮ! ಅಳುತ್ತಲೇ ಸಾರಿನ ಪಾತ್ರೆ ಎತ್ತಿ ಅವನ ಎಲೆಗೆ ಇನ್ನೊಂದು ಬಂಗುಡೆ ಹಾಕಿದಳು.

"ನಿಧಾನ ಉಣ್ಣ್ ತಮ್ಮಾ. ಮುಳ್ಳ್ ಇತ್ತ್."