ಮರಕ್ಕೆ ಮೂರು ಬೆರಳು ವಿಭೂತಿ

ರೇಣುಕಾಪ್ರಸಾದರು ಶಿಕಾರಿಪುರದ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು ದಿನಕ್ಕೆ ಹತ್ತಾರು ಬೀಗ ಮಾರುವವರು. ತಮ್ಮ ಬಾಯಿಗೆ ಒಂದನ್ನು ಇಟ್ಟುಕೊಂಡಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ.

ಅವರ ಬೆಳಗಿನ ವಾಕಿಂಗ್ ಬಳಗದ ಇಪ್ಪತ್ತು ಮಂದಿ ಕೆರೆ ಏರಿಯ ಮೇಲೆ ಕೂತು, ಭಾನುವಾರ ಎಲ್ಲಿಗೆ ಹೋಗುವುದೆಂದು ಚರ್ಚಿಸುತ್ತಿದ್ದರು. ಯಾರೋ ಉಳವಿ ಕಡೆಯ ಕಾನಿನ ಹೆಸರೆತ್ತಿದರು. ಕಾನೆಂದರೆ ಸೊರಬ ಸೀಮೆಯ ದಟ್ಟ ಕಾಡು, ಊರವರು ದೇವರ ಹೆಸರಲ್ಲಿ ಕಾಪಾಡಿಕೊಂಡು ಬಂದದ್ದು.

"ಉಳವಿ ಕಾನಾ? ಸಣ್ಣೋನಿದ್ದಾಗ ಅದರಾಗೆ ಓಡಾಡಿ ಬೆಳೆದೋನ್ರೀ ನಾನು. ಕಣ್ಣು ಕಟ್ಟಿ ಬಿಡ್ರಿ, ಆ ಕಡಿಂದ ಹೊರಗ ಬರ್ತೀನಿ" ಅಂದುಬಿಟ್ಟರು ರೇಣುಕಾಪ್ರಸಾದರು. ನಿಜ ಹೇಳಬೇಕೆಂದರೆ ಒಂದು ಮದುವೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಅದನ್ನು ನೋಡಿದ್ದರು. ಅದೂ ಅರ್ಧ ನಿದ್ದೆಯಲ್ಲಿ.

ಬಳಗದ ಅಧ್ಯಕ್ಷ ಪಂಚಾಕ್ಷರಪ್ಪನವರು ನಿವೃತ್ತ ಹೆಡ್‌ಮಾಸ್ಟರು. "ಹಂಗಾದ್ರ ಭಾನುವಾರ ನೀವ ಮುಂದ ನಡೀರಿ, ನಾವು ಹಿಂದ ಬರ್ತೀವಿ" ಎಂದು ಅಲ್ಲೇ ತೀರ್ಮಾನ ಮಾಡಿದರು.

ಪಂಚಾಕ್ಷರಪ್ಪನವರ ಕೈಗೆ ಸಿಕ್ಕ ಬಡಾಯಿಗೆ ಮುಕ್ತಿಯಿಲ್ಲ. ಹೋದ ವರ್ಷ ಭೀಮಣ್ಣ ಈಜಿನ ಬಗ್ಗೆ ಕೊಚ್ಚಿಕೊಂಡು ಅಂಬ್ಲಿಗೊಳದಲ್ಲಿ ಸೊಂಟದಷ್ಟು ನೀರಿನಲ್ಲೇ ಬೊಬ್ಬೆ ಹೊಡೆದಿದ್ದ. ಇವತ್ತಿಗೂ ಅವನು ಊರಿಗೆಲ್ಲ ಈಜು ಭೀಮಣ್ಣ. ಅವನ ಮಗಳ ಮದುವೆ ಕರೆಯೋಲೆ ಕೊಡಲು ಹೋದಾಗಲೂ ಜನ ಹಾಗೆಯೇ ಕರೆದರು.

"ಸುಳ್ಳು ಹೇಳೀನಿ ಅಂತ ಒಪ್ಕೊಂಡುಬಿಡ್ರಿ" ಅಂದರು ಹೆಂಡತಿ ಸೌಂದರ್ಯ.

"ಒಪ್ಕೊಂಡ್ರೆ ಸಾಯೋತನಕ ಕಾನು ಪ್ರಸಾದ ಅಂತಾರೆ ಕಣೆ!"

ಹಾಗಾಗಿ ಶನಿವಾರ ಬೆಳಿಗ್ಗೆ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ, ಯಾರ ಕಣ್ಣಿಗೂ ಬೀಳದಂತೆ ಸೊರಬದ ಬಸ್ಸು ಹತ್ತಿದರು. ಇವತ್ತು ದಾರಿ ನೋಡಿ ಗುರುತು ಹಾಕಿಬಿಟ್ಟರೆ ನಾಳೆ ರಾಜಗಾಂಭೀರ್ಯದಿಂದ ನಡೆಯಬಹುದು. ಗುರುತಿಗೆ ಏನು ಮಾಡುವುದು? ಬಣ್ಣ ಬಳಿದರೆ ಅರಣ್ಯ ಇಲಾಖೆಯವರು ಹಿಡಿಯುತ್ತಾರೆ. ಬಟ್ಟೆ ಕಟ್ಟಿದರೆ ಮಂಗ ಕಿತ್ತುಕೊಂಡು ಹೋಗುತ್ತದೆ. ಕೊನೆಗೆ ದೇವರ ಕೋಣೆಯ ವಿಭೂತಿ ಗಟ್ಟಿಯನ್ನೇ ಜೇಬಿಗಿಳಿಸಿದ್ದರು. ವಿಭೂತಿ ಹಚ್ಚುವವನನ್ನು ಯಾರು ತಾನೇ ಹಿಡಿದಾರು?

ಉಳವಿಯಲ್ಲಿ ಇಳಿದು, ಗದ್ದೆ ಬದುವಿನ ಮೇಲೆ ನಡೆದು ಕಾನಿಗೆ ಹೊಕ್ಕರು. ಇಪ್ಪತ್ತು ಹೆಜ್ಜೆಗೊಂದು ಮರ, ಮರಕ್ಕೆ ಮೂರು ಬೆರಳು ವಿಭೂತಿ. ಒಂದು ಗಂಟೆಯಲ್ಲಿ ಕಾನಿನ ನಡುವಿನ ನೀರಿನ ಹೊಂಡ ಸಿಕ್ಕಿತು. ಅಲ್ಲಿ ಕೂತು ಚಪಾತಿ ತಿಂದು, ನಾಳೆ ಮಾಡುವ ಭಾಷಣವನ್ನು ಒಂದು ಸಲ ಮರಗಳಿಗೆ ಹೇಳಿ ನೋಡಿ, ವಾಪಸ್ ಹೊರಟರು.

ಮೊದಲ ಮರದ ಮೇಲೆ ವಿಭೂತಿ ಇತ್ತು. ಪಕ್ಕದ ಮರದ ಮೇಲೂ ಇತ್ತು. ಅದರ ಪಕ್ಕದ್ದಕ್ಕೂ, ಎಡಕ್ಕೂ ಬಲಕ್ಕೂ, ಮೊಣಕಾಲುದ್ದದ ಸಸಿಗೂ, ಹುತ್ತಕ್ಕೂ ಇತ್ತು. ಕೆಲವಕ್ಕೆ ಮೇಲೊಂದು ಕುಂಕುಮದ ಬೊಟ್ಟು ಬೇರೆ. ಕಾಡಿಗೆ ಕಾಡೇ ಮಠಕ್ಕೆ ಹೊರಟು ನಿಂತಂತಿತ್ತು.

ಎರಡು ಗಂಟೆ ಸುತ್ತಿದರು. ಚಪಾತಿ ಕಟ್ಟಿಕೊಂಡು ಬಂದಿದ್ದ ಪೇಪರು ಮೂರನೆಯ ಸಲ ಕಾಲಿಗೆ ಸಿಕ್ಕಾಗ ಅಳುವುದೊಂದು ಬಾಕಿ. ಆಗ ಒಂದು ಮರದ ಹಿಂದಿನಿಂದ ಹಿತ್ತಾಳೆ ತಟ್ಟೆ ಹಿಡಿದ ಹೆಂಗಸೊಬ್ಬಳು ಹೊರಬಂದಳು. ಉಳವಿಯ ತುಂಗಮ್ಮ.

"ಅಮ್ಮಾ, ಇದನ್ನೆಲ್ಲ ಹಚ್ಚಿದ್ದು ಯಾರು?"

"ನಾವೇ ಮಾರಾಯ್ರೆ. ಸೊಪ್ಪಿಗೆ ಬಂದಿದ್ವಿ, ಯಾರೋ ಪುಣ್ಯಾತ್ಮರು ದೇವರ ಮರಕ್ಕೆ ವಿಭೂತಿ ಹಚ್ತಾ ಹೋಗಿದ್ರು. ಒಂದಕ್ಕೆ ಹಚ್ಚಿ ಪಕ್ಕದ್ದಕ್ಕೆ ಬಿಟ್ರೆ ಅದು ಬೇಜಾರು ಮಾಡ್ಕಳದಿಲ್ವ? ಮನೆಯಿಂದ ವಿಭೂತಿ, ಕುಂಕುಮ ತಂದು ಉಳಿದವಕ್ಕೆ ನಾವು ಹೆಂಗಸ್ರೆಲ್ಲ ಸೇರಿ ಹಚ್ಚಿದ್ವಿ." ಅಷ್ಟರಲ್ಲಿ ಅವಳ ಕಣ್ಣು ಅವರ ಬೆಳ್ಳನೆಯ ಬೆರಳುಗಳ ಮೇಲೆ ಬಿತ್ತು. "ಅಯ್ಯೋ, ನೀವೇಯಾ! ಎಂತ ಹರಕೆ?"

ನಿಜ ಹೇಳಿದರೆ ಅದು ಸಂಜೆಯೊಳಗೆ ಶಿಕಾರಿಪುರ ಮುಟ್ಟುತ್ತದೆ. "ಹೌದಮ್ಮ, ಹರಕೆ" ಅಂದರು ರೇಣುಕಾಪ್ರಸಾದರು. "ಮನೆ ಕಡೆ ಒಳ್ಳೇದಾಗ್ಲಿ ಅಂತ."

ತುಂಗಮ್ಮ ಕೈಮುಗಿದಳು. ಕಾನಿನ ಪೂಜೆ ನೋಡಿಕೊಳ್ಳುವ ಹಿರಿಯ ಮಂಜಪ್ಪನನ್ನು ಕೂಗಿ ಕರೆದಳು. ಇಬ್ಬರೂ ಅವರನ್ನು ಹದಿನೈದೇ ನಿಮಿಷದಲ್ಲಿ ಹೊರಗೆ ತಂದರು. ರಸ್ತೆ ಕಂಡದ್ದೇ ತಡ, ಅಲ್ಲಿದ್ದ ಕರೆಂಟ್ ಕಂಬವನ್ನು ತಬ್ಬಿಕೊಳ್ಳಬೇಕೆನಿಸಿತು ರೇಣುಕಾಪ್ರಸಾದರಿಗೆ.

ಮಂಜಪ್ಪನ ಜಗಲಿಯಲ್ಲಿ ಅವಲಕ್ಕಿ, ಮಜ್ಜಿಗೆ ಬಂದವು. ಊರು, ಹೆಸರು, ಅಂಗಡಿ ಎಲ್ಲ ವಿಚಾರಿಸಿಯಾಯಿತು. ಮಂಜಪ್ಪ ನಾಲ್ಕು ಮನೆಗೆ ಹೋಗಿ ಏನೋ ಮಾತಾಡಿ ಬಂದ.

"ನಾಳೆ ಅಮಾಸೆ. ಕಾನಿನಾಗೆ ಊರವ್ರ ಪೂಜೆ ಇಟ್ಕಂಡೀವಿ. ಹೊರಗಿನ ಜನ ನಾಳೆ ಒಳಗೆ ಕಾಲಿಡಂಗಿಲ್ಲ."

ರೇಣುಕಾಪ್ರಸಾದರ ಕೈಯಲ್ಲಿದ್ದ ಅವಲಕ್ಕಿ ಅಲ್ಲೇ ನಿಂತಿತು. "ಯಾರೂನಾ? ಇಪ್ಪತ್ತು ಜನ ಸಭ್ಯಸ್ಥರು ಬಂದ್ರೂ?"

"ಮಂತ್ರಿ ಬಂದ್ರೂ ಇಲ್ಲ."

ತಕ್ಷಣ ಫೋನ್ ತೆಗೆದು, ಉಳವಿಯವರು ಹೀಗೆ ಹೇಳಿ ಕಳಿಸಿದ್ದಾರೆ ಎಂದರು. ಆ ಕಡೆಯಿಂದ ಪಂಚಾಕ್ಷರಪ್ಪನವರು, "ದೇವರ ಕೆಲಸಕ್ಕ ಅಡ್ಡ ಬರಬಾರದು ಬಿಡ್ರಿ. ನಾಳಿನ ಪ್ರೋಗ್ರಾಂ ರದ್ದು. ಆದ್ರೂ ನಿಮ್ಮನ್ನ ಮೆಚ್ಚಬೇಕು. ಅಲ್ಲಿ ಜನ ನಿಮಗೆ ಮೊದಲ ಸುದ್ದಿ ಮುಟ್ಟಿಸ್ತಾರಲ್ಲ!" ಅಂದರು.

ಅಬ್ಬಾ! ಮರ್ಯಾದೆ ಉಳಿದದ್ದಷ್ಟೇ ಅಲ್ಲ, ಒಂದು ತೂಕ ಹೆಚ್ಚೇ ಆಯಿತು. ಇನ್ನೊಂದು ಚೊಂಬು ಮಜ್ಜಿಗೆ ಕೇಳಿ ಕುಡಿದರು. ಹೆಂಡತಿಗೆ ಫೋನ್ ಮಾಡಿ "ಬದುಕಿದೆ ಕಣೆ" ಅಂದರು. ಗದ್ದೆಯ ಮೇಲಿನ ಗಾಳಿ ಇಷ್ಟು ಹಿತವಾಗಿರುತ್ತದೆಂದು ಅವರಿಗೆ ಗೊತ್ತೇ ಇರಲಿಲ್ಲ. ಇನ್ನು ಜನ್ಮದಲ್ಲಿ ಬಡಾಯಿ ಕೊಚ್ಚುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಹಾಕಿಕೊಂಡು ಎದ್ದರು.

"ಬರ್ತೀನಿ ಮಂಜಪ್ಪನೋರೆ, ಬಸ್ಸಿಗೆ ಟೈಮಾತು."

"ಹೋಗ್ಬನ್ನಿ. ಬೆಳಿಗ್ಗೆ ಆರು ಗಂಟೆಗೆ ಮಿಂದು ಬಂದ್ಬಿಡಿ. ಚಪ್ಪಲಿ ಹಾಕಂಗಿಲ್ಲ."

"ನಾನಾ? ಹೊರಗಿನೋರು ಬರಂಗಿಲ್ಲ ಅಂದ್ರಿ?"

"ನೀವೆಂಗೆ ಹೊರಗಿನೋರು? ಪೂಜೆನೇ ನಿಮ್ಮ ಹರಕೆದು" ಅಂದ ಮಂಜಪ್ಪ. "ನೀವು ಹೊತ್ತ ಹರಕೆಗೆ ನಮ್ಮ ಹೆಂಗಸ್ರು ನಡುವೆ ಕೈ ಹಾಕಿದ್ರಲ್ಲ, ಇನ್ನು ಅದು ಊರಿನ ಹರಕೆ ಆತು. ಅಮಾಸೆ ದಿನ ಎಲ್ಲಾರೂ ಕೂಡಿ ಕಾನು ಸುತ್ತಿ ಮುಗಿಸ್ಬೇಕು. ಅದಕ್ಕೇ ಮನೆಮನೆಗೆ ಹೇಳಿ ಬಂದೆ."

ರೇಣುಕಾಪ್ರಸಾದರು ಎದ್ದವರು ಮತ್ತೆ ಕೂತರು. "ಆಯ್ತು, ಬಂದು ಹಿಂದೆ ಎಲ್ಲಾದ್ರೂ ಸೇರ್ಕೋತೀನಿ ಬಿಡ್ರಿ."

"ಹಿಂದೆನಾ! ಹರಕೆ ಹೊತ್ತೋರು ಮುಂದೆ ನಡೀಬೇಕು ಮಾರಾಯ್ರೆ. ಅವರನ್ನ ದಾಟಿ ಯಾರೂ ಹೆಜ್ಜೆ ಇಡಂಗಿಲ್ಲ. ಹಿಂದಿಂದ ದಾರಿ ಹೇಳಂಗೂ ಇಲ್ಲ."

"ನಂಗೆ ಬಸ್ಸು ಸಿಗದಿದ್ರೆ?"

"ಅದರ ಚಿಂತೆ ಬೇಡ" ಅಂದಳು ತುಂಗಮ್ಮ, ಅವರ ಕೈಗೆ ಬಾಳೆಹಣ್ಣಿನ ಚಿಪ್ಪು ಕೊಡುತ್ತ. "ನಮ್ಮ ಅಳಿಯ ಶಿಕಾರಿಪುರದಾಗೇ ಇರದು, ನಿಮ್ಮ ಅಂಗಡಿ ಗೊತ್ತಂತೆ. ಬಾಗಿಲಿಗೇ ಕಾರು ತರ್ತಾನೆ."

ರೇಣುಕಾಪ್ರಸಾದರ ಮುಖ ಬಿಳಿಚಿದ್ದು ಕಂಡು ಅವಳಿಗೆ ಕನಿಕರ ಬಂತು.

"ಒಬ್ನೇ ಆಗ್ತೀನಿ ಅಂತ ಹೆದರ್ಕಬೇಡಿ. ಇನ್ನೂರು ಜನ ಇದೀವಿ, ನೀವು ಎತ್ಲಾಗೆ ಹೋದ್ರೂ ನಿಮ್ಮ ಹಿಂದೇನೇ ಬರ್ತೀವಿ."