ತೇಲಿದ ಶನಿ, ಮುಳುಗಿದ ಅತ್ತೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಬಕೆಟ್ ನೀಲಿ ಎಂದು ನನ್ನ ದಿನಚರಿ ಹೇಳುತ್ತದೆ, ಹಸಿರು ಎಂದು ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಆಣೆ ಮಾಡುತ್ತಾರೆ. ಆ ಪುಟ ಬರೆದದ್ದು ಎರಡು ದಿನ ತಡವಾಗಿ, ಅದೂ ಮಾನ ಉಳಿಸಿಕೊಳ್ಳಲು. ಆದ್ದರಿಂದ ಬಕೆಟ್ಟಿನ ವಿಷಯದಲ್ಲಿ ವೈನಿಯನ್ನೇ ನಂಬಿ.

ನಾಗರಪಂಚಮಿಗೆಂದು ಜೇವರ್ಗಿಯಿಂದ ತವರುಮನೆ ಹಿರೋಳ್ಳಿಗೆ ಹೋಗಿದ್ದೆ. ಅಣ್ಣನ ಮಗಳು ಅಂಬಿಕಾ ಎಂಟನೇ ತರಗತಿ. ಹಬ್ಬದ ಮರುದಿನವೇ ಆಳಂದದಲ್ಲಿ ಶಾಲೆಗಳ ವಿಜ್ಞಾನ ಪ್ರದರ್ಶನ, ಅಲ್ಲಿ ಗೆದ್ದವರಿಗೆ ಕಲಬುರಗಿಯ ಜಿಲ್ಲಾ ಪ್ರದರ್ಶನ. ಹೋದ ವರ್ಷ ಅವಳ ಜ್ವಾಲಾಮುಖಿ ಉಗುಳದೆ ಸುಮ್ಮನೆ ಕುಳಿತಿತ್ತಂತೆ. ಇಡೀ ವರ್ಷ ತರಗತಿಯವರು ನಕ್ಕಿದ್ದರು. ಈ ಸಲ ಅವಳ ವಿಷಯ ಗ್ರಹಗಳ ಸಾಂದ್ರತೆ ಮತ್ತು ಗುರುತ್ವ.

"ಈ ವರ್ಷ ಕಲಬುರಗಿಗೆ ಹೋಗಲೇಬೇಕ್ರೀ ಅತ್ತಿ" ಅಂದಳು.

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಅದಾಗಿ ಎಷ್ಟು ವರ್ಷವಾಯಿತೆಂದು ಯಾರೂ ಕೇಳಲಿಲ್ಲ, ಇಪ್ಪತ್ತು ಎಂದು ನಾನೂ ಹೇಳಲಿಲ್ಲ. "ಹೊಣೆ ನಂದು" ಎಂದು ಘೋಷಿಸಿದೆ.

ಅಡುಗೆಮನೆಯಲ್ಲಿ ವೈನಿ ಪಂಚಮಿಯ ಉಂಡಿ ಕಟ್ಟುತ್ತಿದ್ದರು. ನನಗೆ ಜ್ಞಾನೋದಯವಾಯಿತು. ಗ್ರಹಗಳಲ್ಲೆಲ್ಲ ಅತಿ ಸಾಂದ್ರವಾದ ಭೂಮಿಗೆ ಗಟ್ಟಿ ಎಳ್ಳುಂಡಿ. ಮಂಗಳಕ್ಕೆ ಶೇಂಗಾ ಉಂಡಿ. ನೀರಿಗಿಂತಲೂ ಹಗುರಾದ ಶನಿಗೆ ಚುರುಮುರಿ ಉಂಡಿ. ಬಕೆಟ್ಟಿನಲ್ಲಿ ಬಿಟ್ಟರೆ ಎಳ್ಳು ಮುಳುಗಿತು, ಚುರುಮುರಿ ತೇಲಿತು. ನಾನೂ ಸ್ವಲ್ಪ ತೇಲಿದೆ.

ಎಂಟೂ ಗ್ರಹಗಳನ್ನು ಒಂದೇ ಅಳತೆಗೆ ಕಟ್ಟಿದೆ. ಒಂದು ದೊಡ್ಡದು ಒಂದು ಸಣ್ಣದಾದರೆ ಮಕ್ಕಳು ಜಗಳಾಡುತ್ತವೆ ಎಂದು ಅವ್ವ ಚಿಕ್ಕಂದಿನಿಂದ ಕಲಿಸಿದ ಶಿಸ್ತು.

ಅಂಬಿಕಾ ಬಗ್ಗಿ ನೋಡಿದಳು. "ಶನಿ ಭೂಮಿಕಿಂತ ಭಾಳ ದೊಡ್ಡದದ ಅಲ್ರೀ ಅತ್ತಿ?"

"ಉಂಡಿ ಅಂದ್ರ ಎಲ್ಲಾ ಒಂದೇ ಅಳತಿ ಇರಬೇಕು. ನೀ ಇಷ್ಟ ನೆನಪಿಡು, ಎಷ್ಟು ಗಟ್ಟಿ ಗ್ರಹ, ಅಷ್ಟು ಜೋರ್ ಗುರುತ್ವ."

ಅವಳು ಏನೋ ಹೇಳಲು ಬಾಯಿ ತೆರೆದು ಮುಚ್ಚಿದಳು. ಒಪ್ಪಿದಳೆಂದು ನಾನು ದಿನಚರಿಯಲ್ಲಿ ಬರೆದಿದ್ದೇನೆ.

ಮರುದಿನ ಆಳಂದದ ಬಸ್ಸಿನಲ್ಲಿ ಸೌರವ್ಯೂಹ ನನ್ನ ತೊಡೆಯ ಮೇಲಿನ ಸ್ಟೀಲ್ ಡಬ್ಬಿಯಲ್ಲಿತ್ತು. ಪಕ್ಕದ ಅಜ್ಜಿ ಮೂಸಿ ನೋಡಿ, "ಪಂಚಮಿ ಉಂಡಿ ಏನ್ ಬೇ ತಂಗಿ?" ಅಂದರು. ಹಬ್ಬದ ಉಂಡಿ ಕೇಳಿದವರಿಗೆ ಇಲ್ಲವೆನ್ನುವ ಪದ್ಧತಿ ನಮ್ಮಲ್ಲಿಲ್ಲ. ಮಂಗಳವನ್ನು ಕೊಟ್ಟೆ.

"ಬೆಲ್ಲ ಕಡಿಮಿ ಆಗ್ಯದ" ಎಂದು ಅಜ್ಜಿ ಮಂಗಳದ ಬಗ್ಗೆ ವರದಿ ನೀಡಿದರು.

ಪ್ರದರ್ಶನದಲ್ಲಿ ತೀರ್ಪುಗಾರರಾಗಿ ದಪ್ಪ ಕನ್ನಡಕದ ಹಿರಿಯ ಶಿಕ್ಷಕರೊಬ್ಬರು ಬಂದರು. ಹೆಸರಿನ ಚೀಟಿ ಓದುತ್ತ ಉಂಡಿ ಎಣಿಸಿದರು. "ಏಳೇ ಅದಾವಲ್ಲ? ಮಂಗಳ ಎಲ್ಲಿ?"

"ಸದ್ಯ ಸೂರ್ಯನ ಹಿಂದ ಅದ್ರಿ" ಎಂದೆ ನಾನು, ಅಂಬಿಕಾಳ ಹಿಂದಿನಿಂದ.

ಅಂಬಿಕಾ ಭೂಮಿಯನ್ನು ನೀರಿಗೆ ಬಿಟ್ಟಳು, ಮುಳುಗಿತು. ಶನಿಯನ್ನು ಬಿಟ್ಟಳು, ತೇಲಿತು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಬೆಲ್ಲ ಕರಗಿತು. ಶನಿ ಮೆಲ್ಲಗೆ ಬಿಚ್ಚಿಕೊಂಡು ಚುರುಮುರಿಯಾಗಿ ಬಕೆಟ್ಟಿನ ತುಂಬ ಹರಡಿತು.

"ಇವು ಉಂಗುರ ರೀ ಸರ್" ಎಂದೆ. ಅದಕ್ಕೂ ಯಾರೂ ನನ್ನನ್ನು ಕೇಳಿರಲಿಲ್ಲ.

ಸರ್ ನನ್ನ ಕಡೆ ತಿರುಗಿದರು. "ಆಯ್ತು. ನಾ ಶನಿ ಮ್ಯಾಲ ನಿಂತ್ರ ನನ್ನ ತೂಕ ಎಷ್ಟಾಗ್ತದ, ಹೇಳ್ರಿ?"

ಕಲಬುರಗಿಯ ದಾರಿ ಆ ಒಂದು ಉತ್ತರದಲ್ಲಿತ್ತು. ನಾನು ಎದೆಯುಬ್ಬಿಸಿದೆ. "ಚುರುಮುರಿಗತೆ ಹಗುರ ಆಗ್ತೀರಿ ಸರ್!"

ಸರ್ ಪೆನ್ನಿನ ಮುಚ್ಚಳ ತೆಗೆದರು. ಅಂಕ ಕಳೆಯುವವರು ಹಾಗೆಯೇ ತೆಗೆಯುವುದು.

"ಇಲ್ರಿ ಸರ್" ಅಂದಳು ಅಂಬಿಕಾ. "ಶನಿ ಮ್ಯಾಲ ನಿಲ್ಲಾಕ ನೆಲಾನೇ ಇಲ್ರಿ, ಬರೇ ಗಾಳಿ. ಆ ಮೋಡದ ಎತ್ತರದಾಗ ತೂಗಿದ್ರ ಇಲ್ಲಿಕಿಂತ ಸ್ವಲ್ಪ ಹೆಚ್ಚೇ ಬರ್ತೀರಿ. ಒಂದ್ ಚುರುಮುರಿ ಉಂಡಿ ಹಗುರ ರೀ, ಆದ್ರ ಊರಷ್ಟು ದೊಡ್ಡ ಚುರುಮುರಿ ಉಂಡಿ ಎತ್ತಾಕ ಆಗ್ತದೇನ್ರಿ? ಗುರುತ್ವಕ್ಕ ಗಟ್ಟಿತನ ಒಂದೇ ಸಾಲಂಗಿಲ್ಲ, ಗಾತ್ರನೂ ಲೆಕ್ಕಕ್ಕ ಬರ್ತದ. ಇಲ್ಲಿ ಉಂಡಿ ಎಲ್ಲಾ ಒಂದೇ ಅಳತಿ ಅದಾವ್ರಿ, ಅದಕ್ಕ ನಮ್ಮತ್ತಿಗೆ ಹಂಗ ಅನಿಸ್ಯದ."

ಸರ್ ಬಹಳ ಹೊತ್ತು ಬರೆದರು. ಸಂಜೆ ಹೆಸರು ಓದಿದಾಗ ಅಂಬಿಕಾ ಕಲಬುರಗಿಗೆ ಆಯ್ಕೆಯಾಗಿದ್ದಳು. ಹೊರಡುವಾಗ ಸರ್ ಅವಳನ್ನು ಬದಿಗೆ ಕರೆದು ಹೇಳಿದ್ದು ನನಗೂ ಕೇಳಿಸಿತು. "ಅಲ್ಲಿಗೆ ನಿಮ್ಮವ್ವನ್ನ ಕರ್ಕೊಂಡ್ ಬಾ. ಅತ್ತಿ ಬ್ಯಾಡ."

ಊರಿಗೆ ಮರಳುವ ಬಸ್ಸಿನಲ್ಲಿ ಡಬ್ಬಿ ಅವಳ ತೊಡೆಯ ಮೇಲಿತ್ತು. ನೀರಿಗೆ ಬೀಳದೆ ಉಳಿದ ಗುರುವನ್ನು ಅವಳು ಆರಾಮವಾಗಿ ತಿನ್ನುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಅಂಬಿಕಾ, ನಿನ್ನೆ ಉಂಡಿ ಕಟ್ಟುವಾಗೇ ನಿನಗ ಇದೆಲ್ಲಾ ಗೊತ್ತಿತ್ತೇನು?"

ಅವಳು ನನ್ನನ್ನು ನೋಡಿದಳು. ನೆಪ್ಚೂನನ್ನೂ ಬಾಯಿಗೆ ಹಾಕಿಕೊಂಡು ಕಿಟಕಿಯ ಕಡೆ ತಿರುಗಿದಳು.